ನಾದಿನಿ ಮತ್ತು ಕಾನಡಿ ಕಪಾಟು

ಛತ್ರಪತಿ ಸಂಭಾಜಿನಗರ ಎಂಬ ಊರು ಪೂರ್ತಿಯಾಗಿ ನಮ್ಮ ನಾದಿನಿಯವರ, ಅಂದರೆ ನನ್ನ ಗಂಡನ ಅಕ್ಕನ, ಸ್ವಂತ ಆಸ್ತಿ ಎಂಬ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಆ ಊರಿನವರಿಗೂ ಗೊತ್ತಿಲ್ಲ. ಪಾಪ, ಅವರೆಲ್ಲ ಅದು ತಮ್ಮ ಊರು ಎಂದುಕೊಂಡು ಓಡಾಡುತ್ತಿದ್ದಾರೆ! ನಾದಿನಿ ದೊಡ್ಡ ಮನಸ್ಸಿನವರು, ಓಡಾಡಿಕೊಳ್ಳಲಿ ಎಂದು ಸುಮ್ಮನಿದ್ದಾರೆ, ಅಷ್ಟೇ.

ಈ ಒಡೆತನಕ್ಕೆ ಆಧಾರ ಮನೆಪಟ್ಟಿ, ಅಂದರೆ ಮನೆಯ ತೆರಿಗೆ. ಬೀದರ್ ಕಡೆಯಿಂದ ಮದುವೆಯಾಗಿ ಬಂದವರು ಅವರು. ಬಂದಾಗಿನಿಂದ ಬಟ್ಟೆ ಅಂಗಡಿಯವರ ಹೆಂಡತಿ, ಆಮೇಲೆ ಇಂಜಿನಿಯರನ ತಾಯಿ, ಹೀಗೇ ಕರೆಸಿಕೊಳ್ಳುತ್ತ ಬಾಳಿದವರು. ಗಂಡ ತೀರಿಕೊಂಡ ಮೇಲೆ ಮನೆ ಇವರ ಹೆಸರಿಗೆ ಬಂತು, ಮನೆಯ ಹಿಂದೆಯೇ ತೆರಿಗೆಯೂ ಬಂತು. ತಮ್ಮ ಹೆಸರನ್ನು ಅಚ್ಚಿನಲ್ಲಿ ಅವರು ಮೊದಲ ಸಲ ಕಂಡದ್ದು ಆ ತೆರಿಗೆಯ ಬಿಲ್ಲಿನ ಮೇಲೆ. ಉಳಿದವರು ತೆರಿಗೆ ಕಟ್ಟಿ ಬಂದಾಗ ಬೇವು ಜಗಿದವರ ಹಾಗೆ ಮುಖ ಮಾಡಿಕೊಂಡಿರುತ್ತಾರಲ್ಲವೇ? ಇವರು ಓಣಿಗೆಲ್ಲ ಪೇಢೆ ಹಂಚಿದರು!

ಅಂದಿನಿಂದ ಊರಿನ ದೀಪದ ಕಂಬ 'ನನ್ನ ಕಂಬ', ಬಸ್ ಸ್ಟಾಪು 'ನನ್ನ ಸ್ಟಾಪು', ಉದ್ಯಾನದ ಬೆಂಚು 'ನನ್ನ ಬೆಂಚು'. ವಾರ್ಡ್ ಆಫೀಸಿಗೆ ಅವರ ಫೋನು ಹೋಗುವುದು ಹೀಗೆ: "ಏನ್ರಿ ಸಾಹೇಬ್ರ, ನನ್ನ ದೀಪ ಹಗಲಾಗ ಉರೀಲತ್ತದ. ನಿಮ್ಮ ಮನ್ಯಾಗ ಹಿಂಗ ಉರಿಸ್ತೀರೇನು?" ಇಷ್ಟನ್ನೂ ಅವರು ಹೇಳುವುದು ಅವರದೇ ಆದ ಮರಾಠಿಯಲ್ಲಿ. ಆ ಮರಾಠಿಗೆ ಬೀದರಿನ ಕನ್ನಡದ ಒಗ್ಗರಣೆ ಬಿದ್ದಿರುತ್ತದೆಯಾದ್ದರಿಂದ ಸಾಹೇಬರಿಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಹೆದರುತ್ತಾರೆ.

ಆಸ್ತಿ ಇದ್ದರೆ ಸಾಲದು, ಅದನ್ನು ಉಳಿಸಿಕೊಳ್ಳಬೇಕು. ಅದಕ್ಕೆ ಅವರ ಸಿದ್ಧಾಂತವೊಂದಿದೆ: "ವಾಪರ್ಸಲಿಲ್ಲ ಅಂದ್ರ ಒಯ್ತಾರ ನೋಡು!" ಅಂದರೆ ಸಾರ್ವಜನಿಕ ವಸ್ತುವನ್ನು ಬಳಸದೆ ಬಿಟ್ಟರೆ ಯಾರೋ ಬಂದು ಕಿತ್ತುಕೊಂಡು ಹೋಗುತ್ತಾರೆ ಎಂದು. ಅದಕ್ಕಾಗಿ ಅವರು ಎಲ್ಲವನ್ನೂ ಬಳಸುತ್ತಾರೆ. ಬಸ್ ಸ್ಟಾಪಿನಲ್ಲಿ ಹೋಗಿ ಕೂರುತ್ತಾರೆ. ಬಸ್ಸು ಬಂದು ನಿಂತು ಕಂಡಕ್ಟರ್ "ಆಜಿ, ಹತ್ತುತ್ತೀರಾ?" ಎಂದರೆ, "ಇಲ್ಲಪ್ಪಾ, ನಾ ಕೂಡಾಕ ಬಂದೀನಿ. ನೀ ನಡಿ!" ಎಂದು ಬಸ್ಸನ್ನೇ ಬೀಳ್ಕೊಡುತ್ತಾರೆ.

ಒಮ್ಮೆ ಉದ್ಯಾನದಲ್ಲಿ ಹೊಸದಾಗಿ ಕೂರಿಸಿದ ವ್ಯಾಯಾಮದ ಯಂತ್ರದ ಮೇಲೆ ಇಳಕಲ್ ಸೀರೆಯ ಕಚ್ಚೆ ಬಿಗಿದು ನಿಂತು ಹಿಂದೆಮುಂದೆ ತೂಗುತ್ತಿದ್ದರು. ನಾನು ಗಾಬರಿಯಾದೆ. "ಅಕ್ಕಾರ, ಈ ವಯಸ್ಸಿನಾಗ ಯಾವ ಕಾಲಿಗೆ ಎಕ್ಸರ್ಸೈಜ್ ಮಾಡ್ಲತ್ತೀರಿ?"

"ನನ್ನ ಕಾಲಿಗಲ್ಲವಾ, ಮಿಶನಿಗೆ! ಯಾರೂ ತೂಗಲಿಲ್ಲಂದ್ರ ಜಂಗ ಹಿಡೀತದ."

ಇಂಥವರಿಗೆ ನಾನು ಗಂಟುಬಿದ್ದದ್ದು ಹೇಗೆಂದು ಹೇಳಬೇಕು. ನಾನು ದೇವಳಾಲಿ ಕ್ಯಾಂಪಿನವಳು. ತಂದೆ ಮಿಲಿಟರಿ ಆಫೀಸಿನಲ್ಲಿ ಗುಮಾಸ್ತರು. ನನ್ನನ್ನು ಓದಿಸಿದವರು ನನ್‌ಗಳು. ತೋಪಿನ ಅಭ್ಯಾಸದ ಸದ್ದಿಗೆ ಕಿಟಕಿ ಗಾಜು ನಡುಗುತ್ತಿದ್ದರೂ ನಮ್ಮ ಲೈಬ್ರರಿಯಲ್ಲಿ ಮಾತ್ರ ಪಿನ್ ಡ್ರಾಪ್ ಸೈಲೆನ್ಸ್! "ನಾಟ್ ಎ ವರ್ಡ್, ಗರ್ಲ್ಸ್!" ಎಂದು ಸಿಸ್ಟರ್ ಕಣ್ಣಿನಲ್ಲೇ ಹೇಳುತ್ತಿದ್ದರು. ಹೀಗಾಗಿ ಇಂಗ್ಲಿಷ್ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಮನೆಯಲ್ಲಿ ಆಡುವ ಕನ್ನಡ ಬರುತ್ತಿತ್ತು. ಕನ್ನಡದ ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮವರಿಗೆ ಓಝರದ ವಿಮಾನ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿ, ಕ್ವಾರ್ಟರ್ಸ್ ಸಿಗುವ ತನಕ ನಾನು ಈ ನಾದಿನಿಯ ಮನೆಯಲ್ಲಿದ್ದೆ. (ನಮ್ಮವರು ಈಗ ನಾಸಿಕದ ನಮ್ಮ ಹಾಲ್‌ನಲ್ಲಿ ಫೋಟೋದಲ್ಲಿದ್ದಾರೆ. ಆಗ ಮೀಸೆ ದೊಡ್ಡದಿತ್ತು.)

"ಅಕ್ಷರ ಬರಲ್ಲೇನು? ಹಿಂಗಾದ್ರ ನನ್ನ ತಮ್ಮಗ ಪತ್ರ ಹ್ಯಾಂಗ ಬರೀತಿ?" ಎಂದರು ನಾದಿನಿ.

"ಇಂಗ್ಲಿಷಿನಾಗ ಬರೀತೀನ್ರಿ."

"ಇಂಗ್ಲಿಷಿನಾಗ ಜಗಳಾಡಾಕ ಬರ್ತದ ಅವಗ? ಇಲ್ಲಲ್ಲ! ಬಾ ಇಲ್ಲಿ."

ಅಡಿಗೆಮನೆಯಲ್ಲಿ ಜೋಳದ ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿ, ಹಿಟ್ಟು ಸಮ ಮಾಡಿ, ಬೆರಳಿನಿಂದ 'ಅ' ಬರೆದರು. ನಾನು ತಿದ್ದಿದೆ. ಅವರು ಅಳಿಸಿ 'ಆ' ಬರೆದರು. ಪಾಠ ಮುಗಿದ ಕೂಡಲೇ ಅದೇ ಹಿಟ್ಟಿಗೆ ಬಿಸಿನೀರು ಹಾಕಿ ರೊಟ್ಟಿ ಬಡಿದರು. ನನ್ನ ಕಾಗುಣಿತವನ್ನೆಲ್ಲ ಆ ಮನೆಯವರು ಬದನೆಕಾಯಿ ಪಲ್ಯದ ಜೊತೆ ತಿಂದು ತೇಗಿದರು! ಓದುವಾಗ ನಾನು ಒತ್ತಕ್ಷರಗಳನ್ನು ತೇಲಿಸಿಬಿಡುತ್ತಿದ್ದೆ. ಆಗ ಲಟಪಟ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. "ಒತ್ತು ನುಂಗಬ್ಯಾಡ, ಕಾನ್ವೆಂಟ್!" ಹೀಗೆ ಅಕ್ಷರಗಳೊಂದಿಗೆ ನನಗೆ ಹೊಸ ಹೆಸರೂ ಬಂತು. ಇಂದಿಗೂ ಅವರಿಗೆ ನಾನು ಕಾನ್ವೆಂಟ್.

ಈಗ ವಾಚನಾಲಯಕ್ಕೆ ಬರೋಣ. ನಾದಿನಿಯವರ ಓಣಿಯ ತುದಿಯಲ್ಲಿ, ನೀರಿನ ಟ್ಯಾಂಕರ್ ಬಂದು ನಿಲ್ಲುವ ಜಾಗದ ಎದುರಿಗೆ, ಒಂದು ಸಾರ್ವಜನಿಕ ವಾಚನಾಲಯವಿದೆ. ಸರ್ಕಾರದ ಅನುದಾನದಲ್ಲಿ ಒಂದು ಮಂಡಳಿ ಅದನ್ನು ನಡೆಸುತ್ತದೆ. ಅಂದರೆ ಯಾರ ರೊಕ್ಕ? ಸರಿಯಾಗಿ ಹೇಳಿದಿರಿ, ನಾದಿನಿಯವರ ರೊಕ್ಕ! ಒಳಗೆ ಮರಾಠಿ ಪುಸ್ತಕಗಳು ಗೋಡೆ ತುಂಬ. ಮೂಲೆಯಲ್ಲಿ, 'ಕಾನಡಿ' ಎಂದು ದೇವನಾಗರಿಯಲ್ಲಿ ಬರೆದ ಒಂದು ಕಪಾಟು. ಮರಾಠಿಯವರ ಬಾಯಲ್ಲಿ ನಮ್ಮ ಕನ್ನಡ ಕಾನಡಿ. ವರ್ಗವಾಗಿ ಊರು ಬಿಡುವ ಸಂಸಾರಗಳು ಸಾಮಾನು ಹಗುರ ಮಾಡಿಕೊಳ್ಳಲು ಬಿಟ್ಟುಹೋದ ಪುಸ್ತಕಗಳೆಲ್ಲ ಅದರಲ್ಲಿ ಸೇರಿದ್ದವು. ಆ ಕಪಾಟನ್ನು ತೆರೆಯುವವರು ಊರಿಗೆಲ್ಲ ನಮ್ಮ ನಾದಿನಿ ಒಬ್ಬರೇ.

ಒಂದು ದಿನ ಬೆಳಿಗ್ಗೆ ನಾಸಿಕಕ್ಕೆ ಫೋನು. "ಕಾನ್ವೆಂಟ್, ನನ್ನ ಕಣ್ಣು ಹೋದ್ವು!"

"ಅಯ್ಯೋ, ಏನಾತ್ರಿ ಅಕ್ಕಾರ?"

"ಹೊಸಾ ಪುಸ್ತಕ ತಂದೀನಿ. ಅಕ್ಷರ ಎಲ್ಲಾ ನಮ್ಮವ ಇದ್ದಂಗ ಕಾಣ್ತಾವ, ಹತ್ರ ಹೋದ್ರ ಗುರ್ತು ಹಿಡೀವಲ್ವು. ತಲಿಕಟ್ಟು ಎಲ್ಲಾ ಎಗರಿ ನಿಂತಾವ!"

ಡಾಕ್ಟರ ಬಳಿ ಹೋದರಂತೆ. ಅಲ್ಲಿ ಗೋಡೆಯ ಮೇಲಿನ ಮರಾಠಿ ಅಕ್ಷರಗಳನ್ನು ಕೆಳಗಿನ ಸಾಲಿನ ತನಕ ಪಟಪಟನೆ ಓದಿದರಂತೆ. ಡಾಕ್ಟರು ಕಣ್ಣು ಸರಿ ಇದೆ ಎಂದರೆ, "ನೀವು ಮರಾಠಿ ಕಣ್ಣು ನೋಡೀರಿ, ಕನ್ನಡದ ಕಣ್ಣು ಕೆಟ್ಟಾವ" ಎಂದು ಪಟ್ಟುಹಿಡಿದು ಹೊಸ ಚಸ್ಮಾ ಮಾಡಿಸಿಕೊಂಡು ಬಂದರು. ಆದರೂ ಅದೇ ಗೋಳು! ನಾನು ರೈಲು ಹತ್ತಿದೆ. ಕಿಟಕಿಯಲ್ಲಿ ದೌಲತಾಬಾದ್ ಕೋಟೆ ಕಾಣಿಸುವ ಹೊತ್ತಿಗೆ ಮನಸ್ಸಿನಲ್ಲೇ ಅವರಿಗೆ ಆಪರೇಶನ್ ಕೂಡ ಮಾಡಿಸಿಬಿಟ್ಟಿದ್ದೆ. ಮನೆಗೆ ಹೋಗಿ ಪುಸ್ತಕ ತೆರೆದು ನೋಡಿದರೆ, ಮೈ ಗಾಡ್, ಅದು ತೆಲುಗು!

ಇಬ್ಬರೂ ವಾಚನಾಲಯಕ್ಕೆ ಹೋದೆವು. ನಾದಿನಿ ಇನ್ನೂ ಮುಟ್ಟದಿದ್ದ ಕೆಳಗಿನ ಅರೆಗಳು, ಅಂದರೆ ಕಪಾಟಿನ ಅರ್ಧಕ್ಕರ್ಧ, ತೆಲುಗು ಪುಸ್ತಕ. ಗ್ರಂಥಪಾಲರನ್ನು ಕೇಳಿದರೆ ಆ ಸಜ್ಜನರು ಮುಗ್ಧವಾಗಿ ಹೇಳಿದರು: "ಗುಂಡಗೆ ಇರೋದನ್ನೆಲ್ಲ ನಾವು ಕಾನಡಿ ಅಂತ ಇಡ್ತೀವಿ, ತಾಯಿ."

ಬೇರೆ ಮಾಡಿಸೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ನನ್ನ ತೋಳು ಚಿವುಟಿದರು. ಹೊರಗೆ ಎಳೆದುಕೊಂಡು ಬಂದು, "ಬಾಯಿ ಮುಚ್ಚು! ತೆಲುಗು ತಗದ್ರ ಕಪಾಟು ಅರ್ಧ ಖಾಲಿ ಆಗ್ತದ. ಅರ್ಧ ಖಾಲಿ ಕಂಡ್ರ ಪೂರಾ ಒಯ್ತಾರ."

"ಮತ್ತ ತೆಲುಗು ಯಾರು ಓದ್ತಾರ್ರಿ?"

"ನಾನs!"

ಇದನ್ನು ಹಟ ಅನ್ನಬೇಕೋ, ದೇಶಸೇವೆ ಅನ್ನಬೇಕೋ? ಕನ್ನಡದ ಅಕ್ಷರವನ್ನು ಪಕ್ಕದಲ್ಲಿಟ್ಟುಕೊಂಡು ತೆಲುಗಿನದನ್ನು ಒಂದೊಂದಾಗಿ ಗುರುತು ಹಿಡಿದರು. ಮನಸ್ಸಿನಲ್ಲಿ ಓದಿದರೆ ಏನೂ ತಿಳಿಯಲಿಲ್ಲ. ಜೋರಾಗಿ ಓದಿದರೆ ಎಲ್ಲ ತಿಳಿಯಿತು! ಹೇಗೆ ಅಂತೀರಾ? ಬೀದರಿನಲ್ಲಿ ಅವರು ಚಿಕ್ಕವರಿದ್ದಾಗ ಹುಣಸೆಹಣ್ಣು ಮಾರಲು ಬರುತ್ತಿದ್ದ ಹೆಂಗಸು ತೆಲುಗಿನವಳು. ಅವಳ ಜೊತೆ ಅವ್ವ ಚೌಕಾಸಿ ಮಾಡುವುದನ್ನು ಕೇಳಿ ಕೇಳಿ ಕಿವಿಗೆ ತೆಲುಗು ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಹೀಗಾಗಿ ನಾದಿನಿ ತಾವೇ ಓದಿ, ತಾವೇ ಕೇಳಿ, ತಾವೇ "ಹೌದಾ!" ಎಂದು ಬೆರಗಾಗುತ್ತಿದ್ದರು. ಕಥೆಯ ನಾಯಕಿಯರೆಲ್ಲ ಸ್ವಲ್ಪ ಹುಣಸೆಹಣ್ಣಿನವಳ ಹಾಗೆ ಮಾತಾಡುತ್ತಾರೆ ಎಂಬುದು ಮಾತ್ರ ಅವರ ತಕರಾರು.

ಜೋರಾಗಿ ಓದುವುದೆಂದರೆ ವಾಚನಾಲಯದಲ್ಲಿ ಏನಾಗುತ್ತದೆ, ನೀವೇ ಊಹಿಸಿ. ಗೋಡೆಯ ಮೇಲೆ 'ಶಾಂತತಾ' ಎಂಬ ಬೋರ್ಡು. ಗ್ರಂಥಪಾಲರು ಮೆಲ್ಲಗೆ ಬಂದು, "ಆಜಿ, ಬೋರ್ಡು ನೋಡಿ" ಎಂದರು.

"ನೋಡೀನಿ. ನನ್ನ ರೊಕ್ಕದ್ದs ಬೋರ್ಡು. ಬಾಯೀನೂ ನಂದs!"

ಸರ್ಕಾರಿ ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರು ಕಿವಿಗೆ ಹತ್ತಿ ಇಟ್ಟುಕೊಂಡರು. ಹೊರಗೆ ಮೆಟ್ಟಿಲ ಮೇಲೆ ಕೊಡ, ಕ್ಯಾನು ಇಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಿದ್ದ ಹೆಂಗಸರು ಕಿಟಕಿಯಿಂದ ಇಣುಕಿದರು. "ಆಜಿ, ಏನು ಓದ್ತಿದ್ದೀರಿ? ನಮಗೂ ಹೇಳಿ." ಅಂದಿನಿಂದ ಮಧ್ಯಾಹ್ನದ ದರ್ಬಾರು ಶುರು. ಮೊದಲು ಪುಸ್ತಕದಿಂದ ಒಂದು ಸಾಲು ಓದುವುದು, ಆಮೇಲೆ ಅದನ್ನು ತಮ್ಮ ಒಗ್ಗರಣೆ ಮರಾಠಿಯಲ್ಲಿ ಹೇಳುವುದು. ಸುಮ್ಮನೆ ಕಥೆ ಹೇಳಿಬಿಡಬಹುದಲ್ಲ, ಓದುವುದೇಕೆ ಎಂದೆ. "ಓದದs ಹೇಳಿದ್ರ ಅದು ಕಟ್ಟಿ ಮ್ಯಾಲಿನ ಹರಟಿ. ಓದಿ ಹೇಳಿದ್ರ ವಾಚನಾಲಯ!" ಎಂದರು. ನಾಯಕಿಯ ಮದುವೆ ಮುರಿಯುವ ಪ್ರಸಂಗ ಬಂದ ದಿನ ಪರೀಕ್ಷೆಯ ಹುಡುಗರ ಕಿವಿಯಿಂದ ಹತ್ತಿಯೂ ಹೊರಗೆ ಬಂತು. ನನ್ನ ಸಿಸ್ಟರ್ ಇದನ್ನು ನೋಡಿದ್ದರೆ ನೇರ ಸ್ವರ್ಗಕ್ಕೆ ಕಂಪ್ಲೇಂಟ್ ಬರೆಯುತ್ತಿದ್ದರು.

ಹೀಗಿರುವಾಗ ಸುದ್ದಿ ಬಂತು: ಅನುದಾನ ಕಡಿತವಾಗಿದೆ, ವಾಚನಾಲಯ ನಡೆಸುವುದು ಕಷ್ಟ. ಹೊರಗೆ ಪೇಪರು ಓದುವ ಸ್ಟ್ಯಾಂಡೊಂದನ್ನು ಉಳಿಸಿ, ಒಳಗಿನ ಹಾಲನ್ನು ಕೋಚಿಂಗ್ ಕ್ಲಾಸಿಗೆ ಬಾಡಿಗೆ ಕೊಡುವ ವಿಚಾರ. ಭಾನುವಾರ ಓಣಿಯವರ ಸಭೆ.

ಆ ಶನಿವಾರ ನಾನು ಅಲ್ಲೇ ಇದ್ದೆ. ನಳಕ್ಕೆ ನೀರು ಬರಬೇಕಾದ ದಿನ. ಅದು ಬಂದಿರಲಿಲ್ಲ. ಒಣ ನಳದ ಕೆಳಗೆ ಕೊಡ ಇಟ್ಟುಕೊಂಡು ನಾದಿನಿ ಕೂತಿದ್ದರು. ಅವರ ಮಗ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಒಳ್ಳೆಯ ಹುಡುಗ, ಅವನಿಗೂ ಈಗ ತಲೆ ನರೆತಿದೆ. ಅವನು ಹೇಳಿದ್ದು ಸುಳ್ಳೇನೂ ಅಲ್ಲ.

"ಅವ್ವಾ, ಪ್ರ್ಯಾಕ್ಟಿಕಲ್ ಆಗು. ನಳಕ್ಕ ನೀರಿಲ್ಲ, ರಸ್ತೆ ತುಂಬ ಖಡ್ಡಾ. ರೊಕ್ಕ ಕಡಿಮಿ ಇದ್ದಾಗ ಲೋಕರು ಟ್ಯಾಕ್ಸ್ ಕಟ್ಟೋದು ಕಥಿ ಪುಸ್ತಕಕ್ಕೇನು?"

"ಖರೆ ಅದ. ವಾಚನಾಲಯ ಮುಚ್ಚಿದ್ರ ನಳ ಬರ್ತದ?"

"ಹಂಗಲ್ಲವ್ವಾ..."

"ಬರ್ತದ ಅನ್ನು, ನಾನs ಹೋಗಿ ಕೀಲಿ ಹಾಕಿ ಬರ್ತೀನಿ!"

ಅವನು ನನ್ನ ಕಡೆ ನೋಡಿದ. ನಾನು ನಳದ ಕಡೆ ನೋಡಿದೆ. ಅದು ಒಂದು ಸಲ 'ಸೂಂ' ಎಂದು ಸುಮ್ಮನಾಯಿತು.

"ಈಗ ಎಲ್ಲಾ ಮೊಬೈಲ್‌ನಾಗ ಅದ, ಅವ್ವಾ."

"ಎಲ್ಲಾ ಅದ. ಕೂಡಾಕ ಜಾಗ ಎಲ್ಲ್ಯದ ಅದರಾಗ? ಟ್ಯಾಂಕರ್ ಬರೂತನಾ ಆ ಹೆಣ್ಮಕ್ಕಳು ನಿನ್ನ ಮೊಬೈಲ್ ಒಳಗ ಹೋಗಿ ಕೂಡ್ಲೇನು?"

ಭಾನುವಾರ ಸಭೆ. ಮಂಡಳಿಯ ಕಾರ್ಯದರ್ಶಿ ವಯಸ್ಸಿನಲ್ಲಿ ಚಿಕ್ಕವನು, ಬಹಳ ಮರ್ಯಾದೆಯವನು. ಛಾವಣಿ ಸೋರುವುದನ್ನು ಬೆರಳು ಮಾಡಿ ತೋರಿಸಿದ. ಆಸ್ಪತ್ರೆ, ನೀರು, ಶಾಲೆ ಮೊದಲು, ಇದು ಆಮೇಲೆ ಎಂದ. ಯಾರೂ ಅಲ್ಲಗಳೆಯಲಿಲ್ಲ. ಕೊನೆಗೆ ನಾದಿನಿಯ ಕಡೆ ತಿರುಗಿ ಕೈಮುಗಿದು, "ಆಜಿ, ನಿಮಗೆ ಬೇಜಾರು ಮಾಡೋದಿಲ್ಲ. ಕಾನಡಿ ಕಪಾಟನ್ನು ಪುಸ್ತಕದ ಸಮೇತ ನಿಮಗೇ ಕೊಡ್ತೀವಿ. ಟೆಂಪೋದಲ್ಲಿ ಮನೆಗೆ ಕಳಿಸ್ತೀವಿ. ಹೇಗೂ ಓದುವವರು ನೀವೊಬ್ಬರೇ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಖುಷಿಯಾಯಿತು. ನಾದಿನಿ ಎಂದರೆ ಬಿಟ್ಟಿ ಬಂದದ್ದನ್ನು ಬಿಡುವವರಲ್ಲ. ಮದುವೆಯ ಆಮಂತ್ರಣದ ಲಕೋಟೆಯನ್ನು ಒಳಮಗ್ಗುಲು ತಿರುಗಿಸಿ ಅಂಟಿಸಿ ಇನ್ನೊಂದು ಮದುವೆಯಲ್ಲಿ ಉಡುಗೊರೆಯ ರೊಕ್ಕ ಹಾಕಿ ಕೊಡುವವರು! "ಹೂಂ ಅನ್ರಿ ಅಕ್ಕಾರ" ಎಂದು ಪಿಸುಗುಟ್ಟಿದೆ.

ಅವರು ಎದ್ದು ನಿಂತರು. ಮರಾಠಿಯಲ್ಲಿ ಶುರು ಮಾಡಿದರು, ಬಿಸಿ ಏರಿದ ಹಾಗೆ ಕನ್ನಡಕ್ಕೆ ಬಂದರು. ಅದನ್ನು ಮರಾಠಿ ಮಾಡಿ ಹೇಳುವ ಕೆಲಸ ನನಗೆ ಬಿತ್ತು.

"ಬ್ಯಾಡಪ್ಪಾ. ಮನಿಗೆ ಒಯ್ದ್ರ ಅದು ನನ್ನ ಕಪಾಟು ಆಗ್ತದ. ನಂದಾತಂದ್ರ ಮುಗೀತು. ನಾ ಸತ್ತ ಮ್ಯಾಲ ನನ್ನ ಮಗ ರದ್ದಿಗೆ ಹಾಕ್ತಾನ. ಒಳ್ಳೇವ ಇದ್ದಾನ, ಆದ್ರೂ ಹಾಕ್ತಾನ."

ಹಿಂದಿನ ಸಾಲಿನಲ್ಲಿದ್ದ ಮಗ ತಲೆ ತಗ್ಗಿಸಿ ನಕ್ಕ.

"ನಾಳಿ ಬೀದರದಿಂದ ಒಬ್ಬಾಕಿ ಹೊಸದಾಗಿ ಬರ್ತಾಳ ಅಂತ ತಿಳೀರಿ. ಮರಾಠಿ ಬರಲ್ಲ, ಗುರ್ತಿನವರಿಲ್ಲ, ಹಗಲು ಹೋಗವಲ್ದು. ನನ್ನ ಮನಿ ಬಾಗಲಾ ಬಡೀತಾಳೇನು? ನಾ ಯಾರಂತ ಆಕಿಗೇನು ಗೊತ್ತು? ಇಲ್ಲಿ ಬಾಗಲಾ ತೆರದಿರ್ತದ. ಯಾರ ಹೆಂಡ್ತಿ, ಯಾರ ಸೊಸಿ ಅಂತ ಕೇಳವರಿಲ್ಲ. ನಾ ಬಂದಾಗ ಹಿಂಗs ಬಂದಿದ್ದೆ. ಈ ಕಪಾಟಿನ ಮುಂದ ನಿಂತು ನನ್ನ ಅಕ್ಷರ ನೋಡಿ ಅತ್ತಿದ್ದೆ. ಮನಿಪಟ್ಟಿ ಕಟ್ತೀನಿ ನಾನು. ನೀರಿಗೆ ತಗೋರಿ, ದವಾಖಾನಿಗೆ ತಗೋರಿ, ಅದರಾಗಿನ ಒಂದು ಚೂರು ಇಲ್ಲಿ ಇರ್ಲಿ. ನನ್ನ ಸಲುವಾಗಿ ಅಲ್ಲ, ಆಕಿ ಸಲುವಾಗಿ."

ಅದನ್ನೂ ಮರಾಠಿ ಮಾಡಿ ಹೇಳಿದೆ. ಮೆಟ್ಟಿಲಿನ ಹೆಂಗಸರು ಹಿಂದಿನಿಂದ, "ಆಜಿ ಹೇಳಿದ್ದು ಸರಿ! ಕಥೆ ಇನ್ನೂ ಮುಗಿದಿಲ್ಲ!" ಎಂದು ಕೂಗಿದರು. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಗೆ ಒಂದು ರಾಜಿ: ಬೆಳಿಗ್ಗೆ ಕೋಚಿಂಗ್ ಕ್ಲಾಸು, ಮಧ್ಯಾಹ್ನ ವಾಚನಾಲಯ. ಆ ಬಾಡಿಗೆಯಲ್ಲಿ ಛಾವಣಿ ರಿಪೇರಿ. ಕಾನಡಿ ಕಪಾಟು ಸದ್ಯಕ್ಕೆ ಉಳಿಯುತ್ತದೆ. ಆದರೆ ಕಾರ್ಯದರ್ಶಿ ಒಂದು ಮಾತು ಸೇರಿಸಿದ: "ಪುಸ್ತಕ ಕಪಾಟಿನಿಂದ ಹೊರಗೆ ಬರ್ತಾ ಇರಬೇಕು, ಆಜಿ. ಧೂಳು ಹಿಡಿದರೆ ಮುಂದಿನ ವರ್ಷ ನಾನೂ ಉಳಿಸಲಾರೆ."

"ವಾಪರ್ಸಲಿಲ್ಲ ಅಂದ್ರ ಒಯ್ತಾರ, ಗೊತ್ತದಪ್ಪಾ" ಎಂದರು ನಾದಿನಿ.

ಕಳೆದ ತಿಂಗಳು ಹೇಳದೆ ಕೇಳದೆ ಹೋದೆ. ಮಧ್ಯಾಹ್ನವಾದ್ದರಿಂದ ಸ್ಟೇಶನ್ನಿನಿಂದ ನೇರವಾಗಿ ವಾಚನಾಲಯಕ್ಕೇ ರಿಕ್ಷಾ ಹಿಡಿದೆ. ಸರ್‌ಪ್ರೈಜ್ ಕೊಡೋಣವೆಂದು ಬಾಗಿಲ ಬಳಿ ನಿಂತೆ. ಹೆಂಗಸರು ಸುತ್ತ ಕೂತಿದ್ದರು. ನಾದಿನಿ ಪುಸ್ತಕ ಹಿಡಿದು ಓದುತ್ತಿದ್ದರು, ಎಂದಿನ ದರ್ಬಾರಿ ದನಿಯಲ್ಲಿ, ಶುದ್ಧ ಪುಸ್ತಕದ ಕನ್ನಡದಲ್ಲಿ:

"ಆ ಹುಡುಗಿಯು ಕ್ಯಾಂಪಿನ ಊರಿನಿಂದ ಬಂದಿದ್ದಳು. ಅವಳಿಗೆ ತನ್ನ ಭಾಷೆಯ ಅಕ್ಷರಗಳು ತಿಳಿದಿರಲಿಲ್ಲ. ಆಗ ಅವಳ ನಾದಿನಿಯು ಹಿಟ್ಟಿನ ಪರಾತವನ್ನು ಅವಳ ಮುಂದೆ ಇಟ್ಟಳು..."

ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದರು. ಹೆಂಗಸರು ನಕ್ಕರು. ನಮ್ಮ ಕಥೆಯನ್ನು ಯಾರು ಬರೆದರು? ಯಾವಾಗ ಅಚ್ಚಾಯಿತು? ಹತ್ತಿರ ಹೋಗಿ ನೋಡಿದೆ. ಪುಸ್ತಕ ತಲೆಕೆಳಗಾಗಿತ್ತು. ಅಲ್ಲಿದ್ದವರಲ್ಲಿ ಅದನ್ನು ಗುರುತಿಸಬಲ್ಲವಳು ನಾನೊಬ್ಬಳೇ. ಉಳಿದವರಿಗೆ ನಮ್ಮ ಅಕ್ಷರ ಹೇಗೆ ಹಿಡಿದರೂ ಗುಂಡಗೇ.

ಪಕ್ಕದಲ್ಲಿ ಕೂತು ಮೆಲ್ಲಗೆ ಪುಸ್ತಕವನ್ನು ನೇರ ಮಾಡಿದೆ. ಅವರು ನನ್ನ ಕಡೆ ತಿರುಗಿದರು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಕೈ ಮುಟ್ಟಿ ಬಳೆ ತಡವಿದರು.

"ಕಾನ್ವೆಂಟ್?"

"ಹೂಂನ್ರಿ ಅಕ್ಕಾರ."

"ಕಣ್ಣಿನ ಹಿಂದಿನ ಪರದೆ ಹೋಗ್ಯದಂತ" ಎಂದರು ಕನ್ನಡದಲ್ಲಿ, ಬೇರೆ ಯಾರಿಗೂ ತಿಳಿಯದ ಹಾಗೆ, ಅಡಿಗೆಗೆ ಉಪ್ಪಿಲ್ಲ ಎನ್ನುವ ದನಿಯಲ್ಲಿ. "ಈ ಸಲ ಚಸ್ಮಾದ ಕೆಲಸ ಅಲ್ಲ."

"ಯಾಕ ಹೇಳಲಿಲ್ರಿ?"

"ಹೇಳಿದ್ರ ಎಲ್ಲಾರೂ ಕೂಡಿ ನನ್ನನ್ನ ಮನ್ಯಾಗ ಕೂಡಸ್ತೀರಿ. ನಾ ಮನ್ಯಾಗ ಕೂತ್ರ ಇದನ್ನ ಒಯ್ತಾರ."

ಹೆಂಗಸರಲ್ಲೊಬ್ಬಳು ತಡೆಯಲಾರದೆ, "ಆಜಿ, ಆ ಹಿಟ್ಟಿನ ಹುಡುಗಿಗೆ ಮುಂದೆ ಏನಾಯ್ತು?" ಎಂದಳು.

ನಾದಿನಿ ಪುಸ್ತಕವನ್ನು ನನ್ನ ಮಡಿಲಿಗೆ ಸರಿಸಿದರು. "ಓದು."

ಪುಟ ನೋಡಿದೆ. ಅದರಲ್ಲಿ ಯಾರದೋ ಬೇರೆಯವರ ಕಥೆ ಇತ್ತು. ನಾನು ಪುಸ್ತಕವನ್ನು ಮುಖದ ಹತ್ತಿರ ಹಿಡಿದೆ. ಹಿಡಿಯಲೇಬೇಕಾಗಿತ್ತು, ನನ್ನ ಕಣ್ಣೂ ಆಗ ನೆಟ್ಟಗಿರಲಿಲ್ಲ. "ಹುಡುಗಿಯು ಅಕ್ಷರಗಳನ್ನು ಕಲಿತಳು," ಎಂದು ಓದತೊಡಗಿದೆ, "ಆದರೆ ಕಲಿಸಿದ ಅಕ್ಕನಿಗೆ ಒಂದು ಮಾತನ್ನೂ..."

ಮುಂದಿನ ಪದ ಅರ್ಧಕ್ಕೇ ನಿಂತಿತು. ನಾದಿನಿಯ ಬೆರಳು ನನ್ನ ಮೊಣಕಾಲ ಮೇಲೆ ತಟ್ಟಿತು.

"ಒತ್ತು ನುಂಗಬ್ಯಾಡ, ಕಾನ್ವೆಂಟ್. ಜೋರಾಗಿ ಓದು."